ಗಾಳಿ ಮಾರುವವನೂ ಅಂಬಿಗನ ಗಿಟಾರೂ

ಬಹಳ ಹಿಂದೆ, ಕಡಲಂಚಿನಲ್ಲಿ ಅಲೆಗುಂದ ಎಂಬ ರಾಜಧಾನಿಯಿತ್ತು. ದೂರದೂರದ ಹಡಗುಗಳು ಅಲ್ಲಿಗೆ ಬರುತ್ತಿದ್ದವು. ಅಂಥ ಊರಿನಲ್ಲಿ ಒಬ್ಬ ಮಾಂತ್ರಿಕ ಗಾಳಿ ಮಾರಿಕೊಂಡು ಬದುಕಿದ್ದ. ಹೌದು, ಗಾಳಿ! ದೇವರು ಪುಕ್ಕಟೆ ಕೊಟ್ಟ ಗಾಳಿಯನ್ನು ತೊಗಲಿನ ಚೀಲಗಳಲ್ಲಿ ಕಟ್ಟಿಟ್ಟಿದ್ದ. ಕಡಲಿಗೆ ಬಿರುಗಾಳಿ ಬಿಟ್ಟು, ಹಡಗು ಇನ್ನೇನು ಮುಳುಗಬೇಕು ಎನ್ನುವಾಗ "ಒಳ್ಳೆಯ ಗಾಳಿ ಬೇಕೇ?" ಎಂದು ಕೇಳುತ್ತಿದ್ದ. ಇದೊಂದು ವ್ಯಾಪಾರವೇ? ಸರಕು ಮುಂದಿಟ್ಟು ಬೆಲೆ ಕೇಳುವುದು ವ್ಯಾಪಾರ. ಕತ್ತು ಹಿಡಿದು ಬೆಲೆ ಕೇಳುವುದಕ್ಕೆ ಬೇರೆ ಹೆಸರಿದೆ. ಈ ಮಾಂತ್ರಿಕನ ಹೆಸರು ವಾತಸಿದ್ಧ. ರಾಜ ಶಂಖಪಾಲನೂ ಅವನನ್ನು ಕಂಡರೆ ನಡುಗುತ್ತಿದ್ದ; ರಾಜನ ಹಡಗುಗಳೂ ಅದೇ ಕಡಲಿನಲ್ಲಿ ತೇಲಬೇಕಲ್ಲ!

ಆ ಊರಿನಲ್ಲಿ ಹಡಗಿನ ಸರಕು ಇಳಿಯುವ ದಕ್ಕೆಯಲ್ಲಿ ಬೀರಣ್ಣ ಎಂಬ ಅಂಬಿಗನಿದ್ದ. ದೊಡ್ಡ ಹಡಗಿನ ಜನರನ್ನು ದೋಣಿಯಲ್ಲಿ ದಡಕ್ಕೆ ತರುವುದು ಅವನ ಕೆಲಸ. ಏಳು ವರ್ಷ ಅವನು ಹಡಗಿನವರಲ್ಲಿ ಕೂಲಿಯ ಬದಲು, ಒಂದು ವಾದ್ಯ ಮಾಡಿಸಲೆಂದು, ಮರ ಕೇಳಿದ. ಸಿಕ್ಕ ಮರವನ್ನೆಲ್ಲ ತೆಗೆದುಕೊಳ್ಳಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ನಾದ ಬರದ ಹಲಗೆಯನ್ನು ವಾಪಸು ಕೊಟ್ಟ. ಕೊನೆಗೆ ಮೂರು ಮರ ಕೂಡಿದವು. ಹಿಮದ ನಾಡಿನ ಬಿಳಿ ಮರ, ಕಪ್ಪುದ್ವೀಪದ ಬೆಲ್ಲದ ಬಣ್ಣದ ಮರ, ದೊಡ್ಡ ಹೊಳೆಯ ಕಾಡಿನ ಕೆಂಪು ಮರ. ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಬಡಗಿ ಮೌನಾಚಾರಿಯ ಬಳಿ ಒಯ್ದ. ಹೆಸರು ಮೌನಾಚಾರಿ, ಬಾಯಿಗೆ ಮಾತ್ರ ಬಿಡುವೇ ಇಲ್ಲ.

"ಲೋ ಬೀರಾ, ಇಷ್ಟು ಮರದಲ್ಲಿ ಮಗಳಿಗೆ ತೊಟ್ಟಿಲು ಮಾಡಿಸಬಹುದಿತ್ತಲ್ಲೋ!"

"ಮಗಳೇ ಇಲ್ಲ ಆಚಾರ್ರೇ, ಮದುವೆಯೇ ಆಗಿಲ್ಲ."

"ಹೀಗೆ ಮರ ಹೊತ್ತು ತಿರುಗಿದರೆ ಯಾರು ಕೊಡ್ತಾರೆ ಹೆಣ್ಣು?" ಎನ್ನುತ್ತಲೇ ಆಚಾರಿ ಬಿಳಿ ಮರವನ್ನು ವಾದ್ಯದ ಎದೆಗೆ, ಬೆಲ್ಲದ ಬಣ್ಣದ್ದನ್ನು ಬೆನ್ನಿಗೆ, ಕೆಂಪು ಮರವನ್ನು ಕತ್ತಿಗೆ ಇಟ್ಟು, ಆರು ತಂತಿ ಬಿಗಿದ. ಹಡಗಿನವರು ಅದನ್ನು ಗಿಟಾರು ಎಂದರು.

ಅದನ್ನು ನುಡಿಸಿದರೆ ಬಿರುಗಾಳಿ ಇಳಿಯುತ್ತಿತ್ತು. ಮೂರು ದೇಶದ ಮರ ಒಂದೇ ದನಿಯಲ್ಲಿ ಹಾಡಿದರೆ ಮೂರು ದಿಕ್ಕಿನ ಗಾಳಿ ಸುಮ್ಮನಾಗುತ್ತಿತ್ತು. ಬೀರಣ್ಣ ದೋಣಿಯಲ್ಲಿ ಕುಳಿತು ನುಡಿಸಿದ. ಹಡಗುಗಳು ಒಂದು ಕಾಸೂ ಕೊಡದೆ ದಡ ಸೇರಿದವು. ವಾತಸಿದ್ಧನ ಚೀಲಗಳನ್ನು ಕೇಳುವವರೇ ಇಲ್ಲವಾದರು.

ವಾತಸಿದ್ಧ ನೇರವಾಗಿ ಅರಮನೆಗೆ ಹೋದ. "ಲೋಕದ ಮರಗಳೆಲ್ಲ ಬೆಳೆದದ್ದು ಗಾಳಿ ಕುಡಿದು. ಗಾಳಿ ನನ್ನದು. ಆದ್ದರಿಂದ ಮರವೂ ನನ್ನದು, ಗಿಟಾರೂ ನನ್ನದು" ಎಂದ.

ಕೇಳಿದಿರಾ ತರ್ಕವನ್ನು! ಇದೇ ತರ್ಕ ಹಿಡಿದರೆ ಊರಿನ ಪ್ರತಿಯೊಂದು ಬಾಗಿಲು, ಪ್ರತಿಯೊಂದು ಮಣೆ ಅವನದಾಗಬೇಕು. ಆದರೂ ಸಭೆಯವರೆಲ್ಲ ಹೌದೆಂದು ತಲೆದೂಗಿದರು. ರಾಜ ಕೆಮ್ಮಿ, "ಮೂರು ಪರೀಕ್ಷೆ ನಡೆಯಲಿ. ಗೆದ್ದವನದು ವಾದ್ಯ" ಎಂದ.

"ನನ್ನ ವಸ್ತು ನನ್ನದು ಅನ್ನೋಕೆ ನನಗೇಕೆ ಪರೀಕ್ಷೆ, ಒಡೆಯಾ?" ಎಂದ ಬೀರಣ್ಣ. ರಾಜ ಪರೀಕ್ಷೆ ಶುರುವಾಗಲೆಂದು ಕೈ ಬೀಸಿದ.

ಮೊದಲನೆಯ ಪರೀಕ್ಷೆ. ವಾತಸಿದ್ಧ ಚಪ್ಪಾಳೆ ತಟ್ಟಿದ. ಒಂದು ಗಿಟಾರು ನೂರಾಯಿತು. ಅದೇ ಬಣ್ಣ, ಅದೇ ಹೊಳಪು, ತಟ್ಟಿದರೆ ಅದೇ ನಾದ. "ನಿನ್ನದನ್ನು ಆರಿಸು!"

ಬೀರಣ್ಣ ಒಂದೊಂದರ ಎದೆಯ ತೂತಿಗೂ ಮೂಗು ಇಟ್ಟು ನಡೆದ. ಆಸ್ಥಾನಿಕರು ಮುಸಿಮುಸಿ ನಕ್ಕರು. ಅರವತ್ತೆರಡನೆಯದರ ಬಳಿ ನಿಂತ. "ಇದು. ಒಳಗೆ ಒಲೆಯ ಹೊಗೆ ಇದೆ, ಆಚಾರ್ರ ಅಂಟಿನ ನಾತ ಇದೆ, ನನ್ನ ದೋಣಿಯ ಮೀನಿನ ವಾಸನೆಯೂ ಇದೆ." ಮಾಂತ್ರಿಕ ಚಂದವಿದ್ದದ್ದನ್ನಷ್ಟೇ ನಕಲು ಮಾಡಿದ್ದ. ಉಳಿದ ತೊಂಬತ್ತೊಂಬತ್ತೂ ಹೊಗೆಯಾಗಿ ಹೋದವು.

ಎರಡನೆಯ ಪರೀಕ್ಷೆ ಅರಮನೆಯ ಅಂಗಳದಲ್ಲಿ. ವಾತಸಿದ್ಧ ಊದಿದ. ಗಿಟಾರಿನ ಎದೆ ಬಿಳಿ ಜಿಂಕೆಯಾಯಿತು, ಬೆನ್ನು ಕಪ್ಪು ಕರಡಿಯಾಯಿತು, ಕತ್ತು ಕೆಂಪು ಹೆಬ್ಬಾವಾಯಿತು. "ಇವು ಯಾರ ಬಳಿಗೆ ಬರುತ್ತವೋ ಅವನೇ ಒಡೆಯ!" ಎಂದು ಚಾಟಿ ಬೀಸಿದ. ಅಷ್ಟೇ ಅಲ್ಲ, ಒಂದು ಚೀಲ ಬಿಚ್ಚಿ ಅಂಗಳದ ತುಂಬ ಒಣ ಬಿಸಿಗಾಳಿ ಬಿಟ್ಟ. ಮೃಗಗಳು ಹೆದರಿ ಅವನತ್ತ ತುಸು ಸರಿದವು.

"ಲೋ, ಕರೆಯೋ ಅವನ್ನ!" ಎಂದು ಬೇಲಿಯಾಚೆಯಿಂದ ಮೌನಾಚಾರಿ ಕೂಗಿದ.

ಬೀರಣ್ಣ ಕರೆಯಲಿಲ್ಲ. ಕರಡಿಯ ಬೆನ್ನು ಬಿರುಕು ಬಿಡುತ್ತಿದ್ದುದನ್ನು ನೋಡಿದ. ಒಣ ಗಾಳಿಗೆ ಮರ ಸೀಳುತ್ತದೆ. ಬೇಸಿಗೆಯಲ್ಲಿ ಅವನು ಗಿಟಾರಿನ ಪಕ್ಕ ಒದ್ದೆ ಬಟ್ಟೆ ಇಡದೆ ಮಲಗಿದವನಲ್ಲ. ಬಾವಿಯಿಂದ ನೀರು ಸೇದಿ, ಗೋಣಿ ನೆನೆಸಿ, ನೆರಳಿನಲ್ಲಿ ಹಾಸಿ ಪಕ್ಕದಲ್ಲಿ ಕುಳಿತ. ಜಿಂಕೆ ಬಂತು. ಕರಡಿ ಬಂತು. ಹೆಬ್ಬಾವೂ ಬಂದು ಸುರುಳಿ ಸುತ್ತಿತು. ಗೋಣಿಯ ಮೇಲೆ ಮತ್ತೆ ಗಿಟಾರು ಮಲಗಿತ್ತು.

ಮೂರರಲ್ಲಿ ಎರಡು ಗೆದ್ದ ಮೇಲೆ ಇನ್ನೇನು ಉಳಿಯಿತು? ಎಣಿಸಲು ಬರುವ ಯಾರಿಗಾದರೂ ತಿಳಿಯುತ್ತದೆ. ಆದರೆ ಹೆದರಿದ ರಾಜನಿಗೆ ಎಣಿಕೆ ಮರೆಯುತ್ತದೆ. "ಮೂರನೆಯದೂ ಆಗಲಿ. ಅದರಲ್ಲಿ ಗೆದ್ದವನೇ ಗೆದ್ದ" ಎಂದುಬಿಟ್ಟ. ನಾಚಿಕೆಯಾಗಬೇಡವೇ!

ಮೂರನೆಯ ಪರೀಕ್ಷೆ ಮತ್ತೆ ಸಭೆಯೊಳಗೆ; ಈ ಸಲ ಆಚಾರಿಯೂ ದಕ್ಕೆಯ ಹಮಾಲರೂ ಒಳಗೆ ನುಗ್ಗಿದ್ದರು. ವಾತಸಿದ್ಧ "ನನ್ನದು, ನನ್ನದು, ನನ್ನದು" ಎಂದು ಮೂರು ಸಲ ಮಂತ್ರಿಸಿ ತಂತಿಗಳ ದನಿ ಕಟ್ಟಿದ. ಬೀರಣ್ಣ ಮೀಟಿದ, ತಂತಿ ಕಲ್ಲಿನಂತೆ ಸುಮ್ಮನಿತ್ತು. ಮಾಂತ್ರಿಕ ಮೀಟಿದ, ಗಿಟಾರು ಹಾಡಿತು. ಆಸ್ಥಾನಿಕರು ಭೇಷ್ ಎಂದರು. ರಾಜ ತೀರ್ಪು ಹೇಳಲು ಎದ್ದು ನಿಂತ. ಬೀರಣ್ಣನ ಏಳು ವರ್ಷ ಒಂದು ಮಾತಿನಲ್ಲಿ ಹೋಗುವುದರಲ್ಲಿತ್ತು.

ಆಗ ಬೀರಣ್ಣ ಕಿಟಕಿಯಾಚೆ ಕಡಲು ನೋಡಿದ. ಗಿಟಾರು ಹಾಡುತ್ತಿದ್ದರೂ, ಮಾಂತ್ರಿಕ ಬೆಳಿಗ್ಗೆಯೇ ಕಡಲಿಗೆ ಬಿಟ್ಟಿದ್ದ ಬಿರುಗಾಳಿ ಇಳಿದಿರಲಿಲ್ಲ. ಅವನಿಗೆ ತಿಳಿಯಿತು: ಒಡೆಯ ಕೈಯಾರೆ ಬಿಟ್ಟುಕೊಡುವ ತನಕ ಗಾಳಿ ಇಳಿಸುವ ಗುಣ ಬೇರೆಯವನಿಗೆ ದಕ್ಕುವುದಿಲ್ಲ. ಮಾಂತ್ರಿಕನಿಗೂ ಅದು ತಿಳಿದಿತ್ತು, ಅದಕ್ಕೇ ಅವನ ಮುಖ ಹುಳ್ಳಗಾಗಿತ್ತು.

"ಸಾಕು ಮಾರಾಯಾ, ನಾನೇ ಕೈಯೆತ್ತಿ ಕೊಡ್ತೀನಿ" ಎಂದ ಬೀರಣ್ಣ. "ಆದರೆ ನಮ್ಮ ದಕ್ಕೆಯ ಕ್ರಮದಲ್ಲಿ. ಬಾ, ಕೈ ಕೊಡು." ಹೆಗಲ ಮೇಲಿನ ವಸ್ತ್ರ ತೆಗೆದು ತನ್ನ ಕೈಯ ಮೇಲೆ ಹೊದಿಸಿಕೊಂಡ.

ಅಲೆಗುಂದದ ದಕ್ಕೆಯಲ್ಲಿ ಬಾಯಿಯಿಂದ ಬೆಲೆ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ವಸ್ತ್ರದ ಕೆಳಗೆ ಕೈ ಹಿಡಿದು, ಬೆರಳಿಗೊಂದು ಹೊನ್ನಿನಂತೆ ಒತ್ತಿ ಚೌಕಾಸಿ ಮಾಡುತ್ತಾರೆ. ವಾತಸಿದ್ಧ ಮಾಂತ್ರಿಕನಾಗುವ ಮುಂಚೆ ಇಪ್ಪತ್ತು ವರ್ಷ ಇದೇ ದಕ್ಕೆಯಲ್ಲಿ ದಲ್ಲಾಳಿಯಾಗಿದ್ದವನು. ವಸ್ತ್ರ ಕಂಡದ್ದೇ ತಡ, ಕೈ ತಾನಾಗಿ ಒಳಗೆ ಹೋಯಿತು.

ಬೀರಣ್ಣ ಐದು ಬೆರಳು ಒತ್ತಿದ. ಮಾಂತ್ರಿಕ ಹುಬ್ಬು ಗಂಟಿಕ್ಕಿ ಎರಡು ಬೆರಳು ಹಿಡಿದ. ಬೀರಣ್ಣ ನಾಲ್ಕು ಒತ್ತಿದ. ಮಾಂತ್ರಿಕ ತಲೆ ಅಲ್ಲಾಡಿಸಿ ಮತ್ತೆ ಎರಡೇ ಹಿಡಿದ.

ಬೀರಣ್ಣ ಫಕ್ಕನೆ ವಸ್ತ್ರ ಎಳೆದ. ತುಂಬಿದ ಸಭೆಯ ಎದುರು ಮಾಂತ್ರಿಕ ಅಂಬಿಗನ ಎರಡು ಬೆರಳು ಹಿಡಿದು ನಿಂತಿದ್ದ.

"ಏನಯ್ಯಾ ಸಿದ್ಧಾ, ನಾನು ಐದು ಅಂದರೆ, ನಿನ್ನದೇ ಗಿಟಾರಿಗೆ ನೀನೇ ಎರಡು ಹೊನ್ನಿಗೆ ಕೇಳ್ತಾ ಇದ್ದೀಯಲ್ಲ! ತನ್ನ ಮನೆಯ ಸಾಮಾನನ್ನ ಯಾವನಾದರೂ ಕೊಳ್ತಾನಾ?"

"ಅದೂ ಐದರಿಂದ ಎರಡಕ್ಕೆ ಇಳಿಸಿದ, ಕಳ್ಳ!" ಎಂದು ಮೌನಾಚಾರಿ ಬೊಬ್ಬೆ ಹಾಕಿದ.

ಮೊದಲು ಹಮಾಲರು ನಕ್ಕರು. ಆಮೇಲೆ ಕಾವಲಿನವರು. ಕೊನೆಗೆ, ಇಷ್ಟು ವರ್ಷ ನಡುಗಿದ್ದ ರಾಜನೂ ನಕ್ಕ. ನಕ್ಕ ಮೇಲೆ ಹೆದರಿಕೆ ಉಳಿಯಲಿಲ್ಲ. "ಬೆರಳು ಹಿಡಿದವನು ಕೊಳ್ಳಲು ಬಂದವನು, ಒಡೆಯನಲ್ಲ. ಗಿಟಾರು ಬೀರಣ್ಣನದು!" ಎಂದ.

‘ನನ್ನದು’ ಎಂಬ ಮಾತಿನಿಂದ ಬಿಗಿದ ಮಂತ್ರ ಆ ಕ್ಷಣವೇ ಬಿಚ್ಚಿಕೊಂಡಿತು. ಬೀರಣ್ಣ ಮೀಟಿದ. ಆರು ತಂತಿಯೂ ನುಡಿದವು. ಮಾಂತ್ರಿಕನ ಮನೆಯ ಚೀಲಗಳೆಲ್ಲ ಬಾಯಿ ತೆರೆದವು. ಸೆರೆಯಲ್ಲಿದ್ದ ಗಾಳಿಗಳು ಕಡಲಿಗೆ ಓಡಿದವು. ವಾತಸಿದ್ಧನ ಮೈಯೊಳಗೂ ಇದ್ದದ್ದು ಗಾಳಿಯೇ. ಅದೂ ಹೊರಟುಹೋಗಿ, ನೆಲದ ಮೇಲೆ ಒಂದು ಖಾಲಿ ತೊಗಲಿನ ಚೀಲ ಬಿದ್ದಿತ್ತು. ಮೌನಾಚಾರಿ ಅದನ್ನು ಕೊಡವಿ, ಉಳಿ ಇಡಲು ಮನೆಗೆ ಒಯ್ದ.

ಸಭೆ ಮುಗಿದ ಮೇಲೆ ರಾಜ ಮೆಲ್ಲನೆ ಹತ್ತಿರ ಬಂದ. ಗಿಟಾರನ್ನೊಮ್ಮೆ ನೋಡಿ, ವಸ್ತ್ರದತ್ತ ಕೈ ಚಾಚಿದ. "ಬೀರಣ್ಣಾ, ನನಗಾದರೆ ಎಷ್ಟು ಬೆರಳು?"

ಬೀರಣ್ಣ ವಸ್ತ್ರವನ್ನು ಕೊಡವಿ ತಲೆಗೆ ಮುಂಡಾಸು ಸುತ್ತಿಕೊಂಡ. "ಕೇಳಬೇಕು ಅನ್ನಿಸಿದಾಗ ದಕ್ಕೆಗೆ ಬನ್ನಿ ಒಡೆಯಾ, ನುಡಿಸ್ತೀನಿ" ಎಂದು ನಮಸ್ಕರಿಸಿ, ಗಿಟಾರು ಹೆಗಲಿಗೇರಿಸಿ ದೋಣಿಯ ಕಡೆ ನಡೆದ.

ಅಂದಿನಿಂದ ಅಲೆಗುಂದದಲ್ಲಿ ಗಾಳಿ ಪುಕ್ಕಟೆ ಬೀಸಿತು. ಹಡಗುಗಳು ಹೊತ್ತಿಗೆ ಸರಿಯಾಗಿ ದಡ ಮುಟ್ಟಿದವು, ಅಂಗಡಿಗಳು ತುಂಬಿದವು, ಊರವರೆಲ್ಲ ಉಂಡುಟ್ಟು ಸುಖವಾಗಿದ್ದರು. ರಾಜ ಸಂಜೆ ಸಂಜೆ ದಕ್ಕೆಗೆ ಬಂದು, ಹಮಾಲರ ಪಕ್ಕದಲ್ಲಿ ಮೂಟೆಯ ಮೇಲೆ ಕುಳಿತು, ಬೀರಣ್ಣನ ಗಿಟಾರು ಕೇಳುತ್ತಿದ್ದ.