ಅರ್ಧಕ್ಕೆ ಎದ್ದು ಹೋದವನು

“ಬಾಗಿಲು ತೆಗೀರಿ! ಹೆದರಬೇಡಿ, ನಾನಿದ್ದೀನಿ!”

ಅವಳು ಬಾಗಿಲು ತೆರೆದಳು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು, ಕೈಯಲ್ಲಿ ವಿಡಿಯೋ ಗೇಮಿನ ಜಾಯ್‌ಸ್ಟಿಕ್. ಎದುರಿಗೆ ನಿಂತವನು ಮಡಚಿದ ಕೊಡೆಯನ್ನು ಕತ್ತಿಯಂತೆ ಎತ್ತಿ ಹಿಡಿದಿದ್ದ.

“ಅವನೆಲ್ಲಿ?” ಎಂದು ಕೇಳಿದ.

“ಯಾರು?”

“ನಿಮ್ಮನ್ನ ಹೊಡೀತಿರೋನು. ‘ಬಿಡೋ, ನಿನ್ನ ಸಾಯಿಸ್ತೀನಿ’ ಅಂತ ಕೂಗ್ತಿದ್ರಲ್ಲ... ಎದುರು ಮನೆಯಿಂದ ನಮ್ಮಜ್ಜಿ ಕಳಿಸಿದ್ರು.”

ಅವಳು ಪಕ್ಕಕ್ಕೆ ಸರಿದಳು. ಟಿವಿ ಪರದೆಯ ಮೇಲೆ ಹಸಿರು ಮೈಯ ರಾಕ್ಷಸನೊಬ್ಬ ಅಂಗಾತ ಬಿದ್ದಿದ್ದ.

“ಇವನೇ. ಈಗಷ್ಟೇ ತೀರಿಕೊಂಡ.”

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿಲ್ಲ!

ನಗುವುದಾದರೂ ಯಾವಾಗ? ಬಟ್ಟೆ ಒಗೆಯುವ ಮಷಿನ್ ಕಂಪನಿಯಲ್ಲಿ ದೂರು ಕೇಳುವ ಕೆಲಸ ಅವಳದು. ಊರಿನವರ ಒದ್ದೆ ಬಟ್ಟೆಯ ಸಿಟ್ಟೆಲ್ಲ ಫೋನಿನಲ್ಲಿ ಅವಳ ಕಿವಿಗೇ ಬೀಳುತ್ತಿತ್ತು. ಯಾರು ಎಷ್ಟು ಬೈದರೂ “ತಮಗಾದ ತೊಂದರೆಗೆ ವಿಷಾದಿಸುತ್ತೇವೆ” ಎನ್ನಬೇಕು. ಅಂತೂ ಒಂದು ವಾರದ ರಜೆ ಸಿಕ್ಕಿತ್ತು. ಸಮುದ್ರ ನೋಡಿಕೊಂಡು ಬಾ ಎಂದಿದ್ದಳು ಅಕ್ಕ.

“ಒಬ್ಬಳೇ ಮನೇಲಿ ಕೂತು ಏನೇ ಮಾಡ್ತೀಯ?”

“ರಾಕ್ಷಸರನ್ನ ಕೊಲ್ತೀನಿ ಅಕ್ಕ. ಅವರು ತಿರುಗಿ ಬೈಯಲ್ಲ.”

ಕೊಡೆಯವನ ಕಣ್ಣು ಈಗ ಮೇಜಿನ ಮೇಲೆ ಬಿತ್ತು. ಅಲ್ಲಿ ನೀಲಿ ಹಲಗೆ ಹರಡಿತ್ತು. ಅದರ ಮೇಲೆ ಪುಟ್ಟ ದ್ವೀಪಗಳು, ಮರದ ಹಡಗುಗಳು.

“ಇದೇನು ಆಟ?”

“ಹಡಗಿನಾಟ. ಇಬ್ಬರು ಬೇಕು ಅಂತ ಡಬ್ಬದ ಹಿಂದೆ ಬರೆದಿತ್ತು, ನಾನು ಮುಂದಿನ ಚಿತ್ರ ನೋಡಿ ತಂದುಬಿಟ್ಟೆ. ಎರಡೂ ಕಡೆ ನಾನೇ ಆಡ್ತಿದ್ದೀನಿ.”

“ಯಾರು ಗೆಲ್ತಿದ್ದಾರೆ?”

“ಇಬ್ಬರೂ ಸೋಲ್ತಿದ್ದೀವಿ.”

ಅವನು ಕೊಡೆಯನ್ನು ಮೂಲೆಗಿಟ್ಟು ಕೂತೇಬಿಟ್ಟ.

ಅವನು ಬೇಕರಿಯವನು. ಬೆಳಕು ಹರಿಯುವ ಮೊದಲೇ ಹೋಗಿ ಹಿಟ್ಟು ನಾದಬೇಕು, ಮಧ್ಯಾಹ್ನ ಮನೆಗೆ ಬರಬೇಕು, ಸಂಜೆಯಾಗುತ್ತಲೇ ಮಲಗಬೇಕು. ಅವಳು ಮನೆ ಸೇರುವುದೇ ಅವನು ಮಲಗಿದ ಮೇಲೆ. ಒಬ್ಬರಿಗೆ ರಜೆ ಇರುವ ದಿನ ಇನ್ನೊಬ್ಬರಿಗೆ ಇಲ್ಲ. ಹಾಗಾಗಿ ಎದುರುಬದುರು ಬಾಗಿಲಿನವರು ಇಷ್ಟು ವರ್ಷವಾದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಅವನು ಬಿಸಿ ಬನ್ನು ಹಿಡಿದು ಬಂದ. ಅದರ ಮರುದಿನವೂ ಬಂದ. ಇಬ್ಬರೂ ಸೇರಿ ರಾಕ್ಷಸರನ್ನು ಬಡಿದರು. ಟಿವಿ ಧಾರಾವಾಹಿಯ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳಿದಾಗ ಇಬ್ಬರೂ ಒಟ್ಟಿಗೆ ಬೈದರು. ಎಲ್ಲರ ಗೋಳು ಕೇಳುತ್ತಿದ್ದವಳ ಮಾತನ್ನು ಮೊದಲ ಬಾರಿಗೆ ಯಾರೋ ಕೆನ್ನೆಗೆ ಕೈಕೊಟ್ಟು ಕೇಳುತ್ತಿದ್ದರು. ಮೂರು ಗಂಟೆಯಾದರೆ ಅವಳ ಕಿವಿ ಕರೆಗಂಟೆಗೇ ಕಾಯತೊಡಗಿತು.

‘ಏನಾಗ್ತಿದೆ ನನಗೆ? ಬನ್ನಿನ ಮೇಲಿನ ಆಸೆ ಅಷ್ಟೇ ಇರಬೇಕು...’

ಬನ್ನಂತೆ! ಯಾರಿಗೆ ಹೇಳುತ್ತೀಯಮ್ಮ?

ಆ ಸಂಜೆ ಅವಳ ಹಡಗುಗಳು ಅವನ ಬಂದರನ್ನು ಮುತ್ತಿದ್ದವು. ಇನ್ನೇನು ಗೆಲ್ಲಬೇಕು, ಅವನು ಗಡಿಯಾರ ನೋಡಿ ಎದ್ದ.

“ಆಟ ಹಾಗೇ ಇರಲಿ,” ಎಂದವನೇ ಹೊರಟುಹೋದ.

ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಆಟದ ಮಧ್ಯೆ ಎದ್ದು ಹೋಗುವುದೆಂದರೆ ‘ನಿನ್ನ ಸಹವಾಸ ಸಾಕು’ ಎಂದ ಹಾಗೆ. ಹಿಂದೊಮ್ಮೆ ಅಕ್ಕ ಹಾಗೆ ಎದ್ದು ಹೋದದ್ದಕ್ಕೆ ಅಪ್ಪ ತಿಂಗಳುಗಟ್ಟಲೆ ಅವಳೊಂದಿಗೆ ಮಾತು ಬಿಟ್ಟಿದ್ದರು.

‘ನಾನು ಗೆಲ್ಲೋದು ಸಹಿಸೋಕಾಗಲಿಲ್ವಾ? ಅಥವಾ... ನಾನೇ ಬೇಡವಾದೆನಾ?’

ಹಡಗು, ದ್ವೀಪ ಎಲ್ಲವನ್ನೂ ಬಾಚಿ ಡಬ್ಬಕ್ಕೆ ತುಂಬಿದಳು.

ಮರುದಿನ ಬನ್ನು ಹಿಡಿದು ಬಂದವನು ಖಾಲಿ ಮೇಜು ನೋಡಿ ಬಾಗಿಲಲ್ಲೇ ನಿಂತ.

“ಎತ್ತಿಟ್ಟುಬಿಟ್ರಾ?”

“ಹ್ಞೂಂ. ಮುಗೀತಲ್ಲ.”

“ಮುಗೀತಾ...” ಅವನ ಮುಖ ಬಾಡಿತು. “ಸರಿ ಹಾಗಾದ್ರೆ.”

ತಡೆಯಬೇಕು ಎಂದು ಅವಳ ಮನಸ್ಸು ಒದ್ದಾಡಿತು. ಬಾಯಿ ಮಾತ್ರ “ತಮ್ಮ ಭೇಟಿಗೆ ಧನ್ಯವಾದಗಳು” ಎಂದಿತು.

ಮಾತು ಮನೆ ಕೆಡಿಸಿತು ಎನ್ನುತ್ತಾರೆ. ಇಂಥ ಮಾತು ಎರಡು ಮನೆ ಕೆಡಿಸುತ್ತದೆ.

ಅವನು ಮತ್ತೆ ಬರಲಿಲ್ಲ. ಅವಳು ಟಿವಿ ಹಚ್ಚಿದರೆ ಧಾರಾವಾಹಿಯ ಅತ್ತೆಯೂ ಬೇಸರ ತರಿಸಿದಳು. ರಾಕ್ಷಸರು ಸುಲಭವಾಗಿ ಅವಳನ್ನೇ ಕೊಂದು ಹಾಕಿದರು. ಭಾನುವಾರ ಬಂದೇಬಿಟ್ಟಿತು. ನಾಳೆಯಿಂದ ಆಫೀಸು. ಅವನು ಬರುವಾಗ ಇವಳಿಲ್ಲ, ಇವಳು ಬರುವಾಗ ಅವನಿಗೆ ನಿದ್ದೆ. ಇಂದು ತಪ್ಪಿದರೆ ಮುಗಿಯಿತು, ಐದು ಹೆಜ್ಜೆ ದೂರದಲ್ಲಿದ್ದೂ ಅವನು ಸಿಗುವುದಿಲ್ಲ. ಅವಳಿಗೆ ಅಳು ಬಂತು.

ಕರೆಗಂಟೆ! ಓಡಿಹೋಗಿ ಬಾಗಿಲು ತೆರೆದರೆ ಅವನಲ್ಲ, ಅವನಜ್ಜಿ. ಕೈಯಲ್ಲಿ ಬ್ರೆಡ್ಡು.

“ಒಂಚೂರು ತಿಂದು ನೋಡಮ್ಮ.”

ತಿಂದಳು. “ಅಜ್ಜಿ... ಉಪ್ಪೇ ಇಲ್ಲ.”

“ಇಡೀ ಬೀದಿಗೆ ಇದನ್ನೇ ತಿನ್ನಿಸಿದ್ದಾನೆ ನನ್ನ ಮೊಮ್ಮಗ. ಕೇಳಿದ್ರೆ ಗಂಟುಮುಖ. ನೀನು ಆಟ ಎತ್ತಿಟ್ಟೆಯಂತೆ?”

“ಅವರೇ ಅಲ್ವಾ ಅಜ್ಜಿ ಅರ್ಧಕ್ಕೆ ಎದ್ದು ಹೋಗಿದ್ದು?”

“ಅಯ್ಯೋ ಹುಚ್ಚಿ. ನಮ್ಮನೇಲಿ ಬೇಕಾದವರ ಜೊತೆ ಯಾರಾದ್ರೂ ಆಟ ಮುಗಿಸ್ತಾರಾ? ಮುಗಿಸಿದ್ರೆ ಮಾರನೇ ದಿನ ಬರೋಕೆ ನೆಪ ಬೇಡ್ವಾ? ಅವನ ತಾತ ಒಂದೇ ಒಂದು ಚೆಸ್ ಆಟ ಇಟ್ಕೊಂಡು ನನ್ನ ತವರಿಗೆ ಆರು ತಿಂಗಳು ಬಂದ್ರು. ಕೊನೆಗೆ ನಮ್ಮಪ್ಪನಿಗೇ ಸಾಕಾಗಿ ಮದುವೆ ಮಾಡಿ ಕಳಿಸಿದ್ರು.”

ಅವಳು ಬೆರಗಾಗಿ ನಿಂತಳು. ಅಜ್ಜಿ ಒಳಗೆ ಬಂದು ಸೋಫಾದಲ್ಲಿ ಕಾಲು ಮೇಲಿಟ್ಟು ಕೂತರು.

“ಟಿವಿ ಹಾಕು. ಅತ್ತೆ ಸಿಕ್ಕಿಬೀಳೋವರೆಗೂ ನಾನು ಇಲ್ಲಿಂದ ಏಳಲ್ಲ. ನೀನು ಅಲ್ಲಿಗೆ ಹೋಗು.”

ಅವಳು ಡಬ್ಬ ಎತ್ತಿಕೊಂಡು ಎದುರು ಬಾಗಿಲು ಬಡಿದಳು. ಏನೇನೋ ಹೇಳಬೇಕೆಂದಿದ್ದಳು. ಅವನ ಮುಖ ಕಂಡದ್ದೇ ತಡ, ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು.

“ತಮಗಾದ ತೊಂದರೆಗೆ ವಿಷಾದಿಸುತ್ತೇವೆ.”

“ವಿಷಾದಿಸುತ್ತೇವೆ ಅಂದ್ರೆ... ಯಾರ್ಯಾರು?”

“ನಾನೊಬ್ಬಳೇ.” ಅವಳ ಕಣ್ಣು ತುಂಬಿತು. “ನೀವು ಸಾಕಾಗಿ ಎದ್ದು ಹೋದ್ರಿ ಅಂದ್ಕೊಂಡೆ. ನಮ್ಮನೇಲಿ ಅದರರ್ಥ ಅದೇ. ಇಷ್ಟು ದಿನ ಟಿವಿ ನೋಡಿದೆ, ಏನು ನೋಡಿದೆ ಅಂತ ಕೇಳಿದ್ರೆ ಹೇಳೋಕೆ ಬರಲ್ಲ. ನನಗೆ ನೀವು ಬೇಕು.”

ಅವನ ಕಣ್ಣೂ ಒದ್ದೆಯಾಗಿತ್ತು.

“ನಾನು ಆವತ್ತು ಎದ್ದಿದ್ದು ಮಾರನೇ ದಿನ ಮತ್ತೆ ಬರೋಕೆ ಕಣ್ರೀ. ಬಂದ್ರೆ ಮೇಜು ಖಾಲಿ. ಇವರಿಗೆ ನಾನು ಬೇಡ ಅಂತ ನನಗೆ ನಾನೇ ಹೇಳ್ಕೊಂಡೆ. ಒಲೆ ಮುಂದೆ ನಿಂತ್ರೂ ನಿಮ್ಮದೇ ಯೋಚನೆ.”

“ಗೊತ್ತಾಯ್ತು. ಉಪ್ಪಿಲ್ಲದ ಬ್ರೆಡ್ಡು ತಿಂದೆ.”

ಅವನು ನಕ್ಕ. ಆಮೇಲೆ ನಗು ಮೆಲ್ಲಗೆ ಇಳಿಯಿತು.

“ನಾಳೆಯಿಂದ ನಾವು ಸಿಗೋದು ಹೇಗೆ?”

ಅವಳು ತನ್ನ ಮನೆಯ ಇನ್ನೊಂದು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಹಡಗುಗಳನ್ನ ಮೇಜಿನ ಮೇಲೇ ಇಟ್ಟಿರ್ತೀನಿ. ಮಧ್ಯಾಹ್ನ ಬಂದು ನಿಮ್ಮ ಸರದಿ ಆಡಿ ಹೋಗಿ. ರಾತ್ರಿ ಬಂದು ನಾನು ಆಡ್ತೀನಿ.”

“ಹೀಗೆ ಆಡಿದ್ರೆ ಮುಗಿಯೋಕೆ ವರ್ಷಗಳೇ ಬೇಕು.”

“ಅವಸರ ಇದೆಯಾ?”

“ಆಟಕ್ಕಿಲ್ಲ,” ಎಂದು ಅವಳ ಬೆರಳು ಬಿಡದೆ ಹೇಳಿದ. “ಮದುವೆಗೆ ಮಾತ್ರ ಸರದಿ ಮೇಲೆ ಬರೋಕಾಗಲ್ಲ. ಇಬ್ಬರೂ ಒಂದೇ ಹೊತ್ತಿಗೆ ಇರಬೇಕು. ರಜೆ ಸಿಗುತ್ತಾ?”

“ಎಷ್ಟು ದಿನ ಕೇಳಲಿ?”

“ಒಂದು ವಾರ ಕೇಳಿ. ಎಲ್ಲೂ ಹೋಗೋದು ಬೇಡ.”