ಕುಳಿತುಕೊಳ್ಳದ ಹುಡುಗಿ

ಮೂರನೆಯ ಸಲ ಹೇಳಿದರೂ ನೀಲಾಂಬಿಕಾ ಕುಳಿತುಕೊಳ್ಳಲಿಲ್ಲ.

"ಕುಂದ್ರವಾ ತಂಗಿ. ನಿಮ್ಮ ಮನ್ಯಾಗ ನಾವು ಹೇಳಬೇಕೇನು?" ಎಂದ ಹುಡುಗನ ಸೋದರಮಾವ ಪರಮೇಶಪ್ಪನ ದನಿಯಲ್ಲಿ ಈಗ ನಗೆ ಉಳಿದಿರಲಿಲ್ಲ.

ಹಂಸಭಾವಿಯಿಂದ ಕನ್ಯೆ ನೋಡಲು ಬಂದ ಐದು ಜನ ತಿಳವಳ್ಳಿಯ ಆ ಮನೆಯ ಜಮಖಾನೆ ತುಂಬ ಕುಳಿತಿದ್ದರು. ಚಹಾ ಕೊಟ್ಟ ಹುಡುಗಿ ಬಗ್ಗಿ ಹಿರಿಯರ ಕಾಲು ಮುಟ್ಟಬೇಕು, ಆಮೇಲೆ ಎದುರಿಗೆ ಕಾಲು ಮಡಚಿ ಕುಳಿತುಕೊಳ್ಳಬೇಕು. ಅದು ಪದ್ಧತಿ. ಆದರೆ ಬೆನ್ನು ಪದ್ಧತಿಯ ಮಾತು ಕೇಳುತ್ತದೆಯೇ? ಈಕೆ ನಿಂತಲ್ಲಿಂದಲೇ ಕೈ ಮುಗಿದು ಗೋಡೆ ಹಿಡಿದುಕೊಂಡಿದ್ದಳು.

'ಬಗ್ಗಿದರೆ ಮೇಲೇಳಲಾರೆ... ಕುಳಿತರೆ ಚೀರಿಬಿಡುತ್ತೇನೆ...'

ಎಡ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ತಂತಿ ಎಳೆದಂಥ ನೋವು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಹಾನಗಲ್ಲಿನ ಖಾನಾವಳಿಗಳಿಗೆ ಕಳಿಸುವ ಹುಡುಗಿ ಅವಳು. ಆರು ವರ್ಷ ನೆಲದ ಮೇಲೆ ಕುಳಿತು ಒಲೆಯ ಮುಂದೆ ಬಾಗಿದ ಬೆನ್ನು, ಹದಿನೈದು ದಿನದ ಹಿಂದೆ ಹಿಟ್ಟಿನ ಚೀಲ ಎತ್ತುವಾಗ ಕೈಕೊಟ್ಟಿತ್ತು. ಬೆನ್ನೆಲುಬಿನ ನಡುವಿನ ಡಿಸ್ಕ್ ಸರಿದು ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದು ಸ್ಕ್ಯಾನ್ ನೋಡಿದ ಡಾಕ್ಟರು ಹೇಳಿದ್ದರು.

"ಒಂದ ಅರ್ಧಾ ತಾಸು ತಡಕೋ. ನಡಾ ಹಿಡದೈತಿ ಅಂದ್ರ ನಿನ್ನ ಯಾರ ಮಾಡ್ಕೋತಾರ?" ಎಂದು ಅವ್ವ ಸರೋಜವ್ವ ಬೆಳಿಗ್ಗೆಯೇ ಮಗಳ ಬಾಯಿಗೆ ಬೀಗ ಹಾಕಿದ್ದಳು.

ಹುಡುಗ ಮಾಲತೇಶ ತಲೆ ಎತ್ತಿದ. ಬಡಗಿ ಕೆಲಸದವನು, ಮಾತು ಕಡಿಮೆ. ಅವನ ಕಣ್ಣು ಅವಳ ಒದ್ದೆ ಕಣ್ಣನ್ನು ಕಂಡಿತು. ಕೈಯಲ್ಲಿದ್ದ ಚಹಾ ಕೆಳಗಿಟ್ಟ.

"ಸಾಕು ಬಿಡ್ರಿ ಮಾವ. ಅವರಿಗೆ ಒತ್ತಾಯ ಮಾಡಬ್ಯಾಡ್ರಿ."

ಎಷ್ಟು ಮೆತ್ತಗಿನ ದನಿ! ಅವರು ಎದ್ದು ಹೋದ ಮೇಲೂ ಅದು ಅವಳ ಕಿವಿಯಲ್ಲೇ ಉಳಿಯಿತು.

ಮೂರನೆಯ ದಿನ ಸುದ್ದಿ ಬಂತು. ಹುಡುಗನಿಗೆ ಹುಡುಗಿ ಒಪ್ಪಿಗೆಯಾಗಿಲ್ಲ.

'ಗೊತ್ತಾಗಿಬಿಟ್ಟಿದೆ... ಇಂಥ ಬೆನ್ನು ಯಾರಿಗೆ ಬೇಕು?'

ನೀಲಾಂಬಿಕಾ ಅತ್ತಳು. ಬಿಕ್ಕಿ ಅಳುವ ಹಾಗೂ ಇರಲಿಲ್ಲ, ಬಿಕ್ಕಿದರೆ ಕಾಲು ಸೆಳೆಯುತ್ತಿತ್ತು.

ಹಾನಗಲ್ಲಿನಲ್ಲಿ ಫಿಸಿಯೋಥೆರಪಿ ಮಾಡುವ ಅಫ್ಸಾನಾ ಮಾತ್ರ ಅವಳ ಕಣ್ಣೀರಿಗೆ ಸೊಪ್ಪು ಹಾಕಲಿಲ್ಲ.

"ಬೋರಲ ಮಲಗು. ಕೈ ಊರಿ ಎದಿ ಎತ್ತು. ಹಾಂ, ಇಷ್ಟ. ಇನ್ನ ದಿನಾ ಹತ್ತು ಮಿನಿಟ ಅಡ್ಡ್ಯಾಡಬೇಕು."

"ನೋವಾದ್ರ ಅಕ್ಕಾ?"

"ಆ ನೋವು ಹಿಮ್ಮಡಿ ಬಿಟ್ಟು ಮೊಣಕಾಲಿಗೆ, ಮೊಣಕಾಲು ಬಿಟ್ಟು ನಡಕ್ಕ ಬಂತಂದ್ರ, ಗಂಟು ಮೂಟಿ ಕಟ್ಟಾಕತ್ತೈತಿ ಅಂತ ತಿಳಿ."

ಮೊದಲು ಅಂಗಳದ ತನಕ ನಡೆದಳು. ಆಮೇಲೆ ಬಸ್ ಸ್ಟ್ಯಾಂಡಿನ ತನಕ. ಆಮೇಲೆ ಗೋವಿನಜೋಳದ ಹೊಲ ಸುತ್ತಿ ಬರುವಷ್ಟು. ನಡುವೆ ಒಂದು ವಾರ ನೋವು ಮತ್ತೆ ಹಿಮ್ಮಡಿಗಿಳಿದು ಅಳಿಸಿತು, ಆಮೇಲೆ ಮತ್ತೆ ಮೇಲಕ್ಕೆ ಹತ್ತಿತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಒಲೆಯ ಹೊಗೆಗೆ ಜೋರಾಗಿ ಸೀನಿದಳು. ಸೀನಿ, ಗಾಬರಿಯಿಂದ ಕಾದಳು. ಏನೂ ಆಗಲಿಲ್ಲ!

ತಕ್ಷಣ ಫೋನ್ ಮಾಡಿದಳು. "ಅಕ್ಕಾ, ಸೀನಿದ್ನಿ! ನೋಯಲಿಲ್ಲ!"

"ಸೀನಿದ್ದಕ್ಕ ಫೋನ್ ಮಾಡಾಕಿ ನೀನೊಬ್ಬಾಕಿನ ನೋಡು," ಎಂದು ಅಫ್ಸಾನಾ ನಕ್ಕಳು. "ಇನ್ನ ರೊಟ್ಟಿ ಶುರು ಮಾಡು. ಆದ್ರ ನೆಲದ ಮ್ಯಾಲ ಅಲ್ಲ, ನಿಂತು ಬಡಿ. ಹಿರೇಕೆರೂರ ಕಡೆ ಒಬ್ಬ ಬಡಗಿ ಅದಾನ, ನನ್ನ ಬೆಂಚು ಎಲ್ಲಾ ಅವನ ಮಾಡ್ಯಾನ. ಎತ್ತರದ ಮೇಜು ಮಾಡಿಕೊಡ್ತಾನ. ಕಳಸ್ತೇನಿ."

ಮರುದಿನ ಬಾಗಿಲಲ್ಲಿ ಅಳತೆ ಟೇಪು ಹಿಡಿದು ನಿಂತವನು ಮಾಲತೇಶ!

ನೀಲಾಂಬಿಕಾ ಬಾಗಿಲು ಹಿಡಿದೇ ನಿಂತಳು. ಅವನೂ ಹೊಸ್ತಿಲಲ್ಲೇ ತಡೆದು ನಿಂತ.

"ಮೇಡಂ ತಿಳವಳ್ಳಿ ರೊಟ್ಟಿ ಮನಿ ಅಂದ್ರು, ಹೆಸರು ಹೇಳಲಿಲ್ರಿ. ಓಣಿಗೆ ಬಂದ ಮ್ಯಾಲ ಗೊತ್ತಾತು... ಬ್ಯಾರೆ ಬಡಗಿನ್ನ ಕಳಸ್ಲಿ?"

"ಯಾಕ್ರಿ? ಒಪ್ಪಿಗಿ ಆಗದ ಹುಡುಗಿ ಮನಿ ಕೆಲಸ ಮಾಡೂದಿಲ್ಲೇನು?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ಮೊಣಕೈ ಮಡಚ್ರಿ. ಮೇಜು ಅದಕ್ಕಿಂತ ನಾಕು ಬೆರಳು ಕೆಳಗ ಇರಬೇಕು," ಎಂದು ಟೇಪು ಹಿಡಿದ. "ಆದ್ರ ನಿಂತು ರೊಟ್ಟಿ ಯಾಕ ಬಡೀತೀರಿ?"

ಅಡಿಗೆಮನೆಯಲ್ಲಿದ್ದ ಅವ್ವ ಕೆಮ್ಮಿ ಸನ್ನೆ ಮಾಡಿದಳು. ಈ ಸಲ ನೀಲಾಂಬಿಕಾ ಅವಳ ಮಾತು ಕೇಳಲಿಲ್ಲ.

"ಡಿಸ್ಕ್ ಸರದೈತ್ರಿ. ನೀವು ಬಂದ ದಿನಾನೂ ಇತ್ತು. ಬಗ್ಗಾಕ ಬರ್ತಿರಲಿಲ್ಲ, ಕುಂದ್ರಾಕ ಬರ್ತಿರಲಿಲ್ಲ. ಅದು ಗೊತ್ತಾಗೇ ಬ್ಯಾಡ ಅಂದ್ರಿ, ಹೌದಲ್ಲ?"

ಟೇಪು ಅವನ ಕೈಯಿಂದ ಜಾರಿ ಸರ್ರನೆ ಸುತ್ತಿಕೊಂಡಿತು.

"ನನಗೇನೂ ಗೊತ್ತಿರಲಿಲ್ರಿ... ಮೂರು ಸಲ ಹೇಳಿದ್ರೂ ಕುಂದ್ರಲಿಲ್ಲ, ಕಣ್ಣಾಗ ನೀರು. ಮನಸಿಲ್ಲದಾಕಿನ್ನ ಒತ್ತಾಯ ಮಾಡಿ ತಂದು ನಿಲ್ಲಿಸ್ಯಾರ ಅಂತ ತಿಳಕೊಂಡ್ನಿ. ನೀವು ಬ್ಯಾಡ ಅಂದ್ರ ಮನ್ಯಾಗ ನಿಮ್ಮನ್ನ ಬೈತಾರ. ಅದಕ್ಕ ನಾನ ಬ್ಯಾಡ ಅಂದ್ನಿ."

ಎರಡು ತಿಂಗಳು ಬೇಡವಾದೆನೆಂದು ಅತ್ತದ್ದು ಇದಕ್ಕೇ? ನೀಲಾಂಬಿಕಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೂ ಬೆನ್ನು ನೋಯಲಿಲ್ಲ.

"ಅವತ್ತಿಂದ ಮತ್ತೊಂದು ಕನ್ಯಾ ನೋಡಾಕ ಹೋಗಿಲ್ರಿ ನಾನು," ಎಂದ ಅವನು, ನೆಲ ನೋಡುತ್ತ. "ಮನಸ ಬರಲಿಲ್ಲ."

ಅವಳ ನಗು ನಿಂತಿತು. ಖುಷಿಯ ಬೆನ್ನಿಗೇ ಹೆದರಿಕೆಯೂ ಬಂತು.

"ನೋವು ಪೂರಾ ಹೋತು ಅಂತ ಹೇಳಾಕ ಬರೂದಿಲ್ರಿ. ಭಾರ ಎತ್ತಬಾರದು. ಮತ್ತ ಬಂದ್ರೂ ಬರಬಹುದು."

"ಭಾರ ನಾ ಎತ್ತತೇನಿ. ದಿನಾ ಬಾಗಿಲ ಹೊರೂ ಮನಿಶ್ಯಾ ನಾನು," ಎಂದ ಮಾಲತೇಶ.

ಅಡಿಗೆಮನೆಯಲ್ಲಿ ಕೆಮ್ಮು ನಿಂತು, ಚಹಾ ಕುದಿಯುವ ಸಪ್ಪಳ ಕೇಳಿಸಿತು.

ಹದಿನೈದು ದಿನಕ್ಕೆ ಮೇಜು ಬಂತು. ಅದರ ಹಿಂದೆಯೇ, ಅದೇ ಜಮಖಾನೆಗೆ, ಅದೇ ಐದು ಜನ ಮತ್ತೆ ಬಂದರು. ಈ ಸಲ ಎಲ್ಲರಿಗೂ ಎಲ್ಲ ಗೊತ್ತಿತ್ತು. ನೀಲಾಂಬಿಕಾ ಚಹಾ ಕೊಟ್ಟು ಗೋಡೆಗೆ ಸರಿದು ನಿಂತಳು. ಪರಮೇಶಪ್ಪ ಕುಂದ್ರವಾ ಎನ್ನಲು ಬಾಯಿ ತೆರೆದು, ಗಪ್ಪನೆ ಮುಚ್ಚಿದ.

"ಮಾವ, ಏಳ್ರಿ," ಎಂದ ಮಾಲತೇಶ. "ಅವರು ನಿಂತಾರ. ನಾವೂ ನಿಂತ ಚಹಾ ಕುಡಿಯೂಣು."

ಪರಮೇಶಪ್ಪ ಪಂಚೆ ಸರಿಪಡಿಸಿಕೊಳ್ಳುತ್ತ ಎದ್ದ. ಅವನ ಹಿಂದೆ ಎಲ್ಲರೂ ಎದ್ದರು. ಹೊಸ ಮೇಜಿನ ಸುತ್ತ ಬೀಗರಾಗುವವರು ಚಹಾದ ಕಪ್ಪು-ಬಸಿ ಹಿಡಿದು ನಿಂತ ಚಂದ ನೋಡಿ ಸರೋಜವ್ವನ ಕಣ್ಣು ತುಂಬಿತು.

ಆಗ ನೀಲಾಂಬಿಕಾ ಗೋಡೆ ಬಿಟ್ಟು ಬಂದಳು. ಅಫ್ಸಾನಾ ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು, ಒಂದು ಮೊಣಕಾಲೂರಿ, ನಿಧಾನವಾಗಿ ಜಮಖಾನೆಯ ಮೇಲೆ ಕುಳಿತುಕೊಂಡಳು.

"ಅವತ್ತ ನಿಂತಿದ್ದಕ್ಕ ಬ್ಯಾಡ ಅಂತ ತಿಳಕೊಂಡ್ರಿ," ಎಂದಳು ಮಾಲತೇಶನನ್ನೇ ನೋಡುತ್ತ. "ಇವತ್ತ ಕುಂತೇನ್ರಿ. ಈಗೇನ ತಿಳಕೋತೀರಿ?"

ಮಾಲತೇಶ ಚಹಾ ಮೇಜಿನ ಮೇಲಿಟ್ಟ. ಬಂದು ಅವಳೆದುರು ಕುಳಿತ.

"ಎಷ್ಟೊತ್ತು ಕುಂದ್ರಬಹುದು ಅಂತ ಹೇಳ್ಯಾರ್ರಿ ಮೇಡಂ?" ಎಂದು ಮೆಲ್ಲಗೆ ಕೇಳಿದ.

"ಇಪ್ಪತ್ತು ಮಿನಿಟ."

"ಆಮ್ಯಾಲ?"

"ಆಮ್ಯಾಲ ಎದ್ದು ಅಡ್ಡ್ಯಾಡಬೇಕು," ಎಂದಳು ನೀಲಾಂಬಿಕಾ. "ನೀವೂ ಬರ್ರಿ ಜೋಡಿ."