ಹಟ್ಟಿ ಸೇರುವ ಹಾಡು

ಆ ಮುಂಜಾನೆ ಬಾದಾಮಿಯ ಗುಡ್ಡದ ಮೇಲೆ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಆಷಾಢದ ಗಾಳಿ ಕೆಂಪು ಧೂಳನ್ನು ತಂದು ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಎರಚುತ್ತಿತ್ತು. ಶಾಬುದ್ದೀನ ತನ್ನ ರೇಡಿಯೊ ರಿಪೇರಿ ಅಂಗಡಿಯ ಅರ್ಧ ಬಾಗಿಲು ಮುಚ್ಚಿದ್ದ. ಉಳಿದರ್ಧದಲ್ಲಿ ಕಂಬಳಿಯ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಬಂದು ನಿಂತಳು.

“ನಮ್ಮಪ್ಪನ ದನಿ ಯಾರಿಗೆ ಮಾರಿದ್ರಿ, ಸಾಬ್ರ?”

ಅವನು ತಲೆಯೆತ್ತಿದ. ಆಕೆಯ ಕಣ್ಣಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ರೆಪ್ಪೆಯ ಮೇಲೆ ಧೂಳು.

“ನಾ ರೇಡಿಯೊ ರಿಪೇರಿ ಮಾಡ್ತೇನ್ರಿ. ದನಿ ಮಾರೂದು ಇನ್ನ ಕಲ್ತಿಲ್ಲ. ಒಳಗ ಬರ್ರಿ, ಗಾಳಿ ಹಾರಿಸ್ಕೊಂಡ ಹೋದೀತು.”

ಆಕೆ ನಗಲಿಲ್ಲ. ಒಳಗೆ ಮಾತ್ರ ಬಂದಳು.

ಹೆಸರು ಲಗಮವ್ವ. ಗಂಡ ತೀರಿದ ಮೇಲೆ ತವರು ಸೇರಿದವಳು. ತಂದೆ ಅಮಸಿದ್ದಪ್ಪ ಗುಡ್ಡದಾಚೆಯ ಹಳ್ಳಿಯಲ್ಲಿ ಕುರಿಗಾರರ ದೇವರು ಬೀರಪ್ಪನ ಮುಂದೆ ಡೊಳ್ಳಿನ ಹಾಡು ಹಾಡುತ್ತಿದ್ದವ. ಎಂಬತ್ತನೇ ಇಸವಿಯಲ್ಲಿ ಗುಹೆ ನೋಡಲು ಬಂದ ಗಡ್ಡದ ಪರದೇಶಿಯೊಬ್ಬ ಆ ಹಾಡನ್ನು ಟೇಪು ಮಾಡಿಕೊಂಡಿದ್ದ. ಹೋಗುವಾಗ ದಾರಿಖರ್ಚಿಗೆಂದು ಕ್ಯಾಸೆಟ್ಟಿನ ಚೀಲವನ್ನೇ ಶಾಬುದ್ದೀನನಿಗೆ ಮಾರಿದ್ದ. ಎರಡು ವರ್ಷದ ಮೇಲೆ ಆ ಸುದ್ದಿ ಲಗಮವ್ವನಿಗೆ ಮುಟ್ಟಿತ್ತು.

“ಅಪ್ಪಗ ಗಂಟಲ ಹುಣ್ಣರಿ. ದವಾಖಾನ್ಯಾಗ ಕೊಯ್ದು ತೂತು ಹಾಕ್ಯಾರ. ಮಾತಿಲ್ಲ. ದನಿ ಹೋಗೂ ಮುಂಚೆ ಹರಕಿ ಹೊತ್ತಾನ. ಆ ಹಾಡು ಇನ್ನೊಮ್ಮಿ ಪೂರಾ ಬೀರಪ್ಪಗ ಮುಟ್ಟಸಲಾರ್ದ ಕಣ್ಣ ಮುಚ್ಚಂಗಿಲ್ಲ ಅಂತ. ಮುಚ್ಚವಲ್ಲ. ಅವನ ನೋವು ನೋಡಾಕಾಗವಲ್ದು.”

ಶಾಬುದ್ದೀನ ಅಟ್ಟದಿಂದ ಚೀಲ ಇಳಿಸಿದ. ಒಂದು ಕ್ಯಾಸೆಟ್ಟಿಗೂ ಹೆಸರಿಲ್ಲ.

“ಯಾವುದ್ರಾಗ ಐತೊ! ಎಲ್ಲಾ ಅವನ ದೇಶದ ಹಾಡು, ಒಂದೊಂದು ಅರ್ಧ ತಾಸು ನಡೀತಾವ್ರಿ. ಕೇಳವ್ರಿಲ್ಲಂತ ಒಗದಿದ್ದೆ. ನಾ ಹುಡುಕಿ ಇಡ್ತೇನಿ, ಆಮ್ಯಾಲೆ ಬರ್ರಿ.”

“ಅಪ್ಪನ ದನಿ ನಿಮಗೆಂಗ ಗುರ್ತು ಸಿಗಬೇಕು? ಪ್ರತಿ ಸಂತಿಗೂ ಬರ್ತೇನಿ. ಕೂಡೇ ಕೇಳೂಣು.”

ಮೊದಲ ಕ್ಯಾಸೆಟ್ಟಿನಲ್ಲಿ ಆರ್ಗನ್ನಿನ ದನಿ ಗವಿಯೊಳಗಿನ ಗಾಳಿಯಂತೆ ಎದ್ದಿತು. ಅದರೊಳಗಿಂದ ಕೊಳಲು. ಕೊಳಲು ಮುಗಿಯುವ ಮೊದಲೇ ತಂತಿ ಹರಿಯುವಂತೆ ಗಿಟಾರು. ಡ್ರಮ್ಮು ಏಳು ಪೆಟ್ಟಿಗೊಮ್ಮೆ ತಿರುಗಿ, ಥಟ್ಟನೆ ಐದಕ್ಕೆ ಇಳಿಯಿತು.

“ಈ ಡೊಳ್ಳಿನವಗ ಯಾರರೆ ಹಾದಿ ತಪ್ಪಿಸ್ಯಾರೇನ್ರಿ?” ಎಂದಳು ಲಗಮವ್ವ.

“ಕುಡ್ದಾನ ಕಾಣಸ್ತೈತಿ.”

ಆಕೆ ಕಣ್ಣು ಮುಚ್ಚಿ ಮೊಣಕಾಲ ಮೇಲೆ ಬೆರಳಾಡಿಸಿದಳು. “ಇಲ್ರಿ. ಗುಡ್ಡಾ ಸುತ್ತಿ ಬರಾಕತ್ತಾನ. ತಡ್ರಿ, ಈಗ ಬರ್ತಾನ.”

ಡ್ರಮ್ಮು ಮೊದಲಿನ ಪೆಟ್ಟಿಗೆ ಬಂದು ನಿಂತಿತು. ಆಕೆ ತಾನೇ ಕೈಹಿಡಿದು ಕರೆತಂದವಳಂತೆ ಕಣ್ಣು ತೆರೆದು ಅವನನ್ನು ನೋಡಿದಳು. ಶಾಬುದ್ದೀನ ನೋಟ ತಗ್ಗಿಸಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಯಾತಕ್ಕೆ ಹಿಡಿದಿದ್ದೆನೆಂಬುದು ಮರೆತುಹೋಗಿತ್ತು.

ಸಂತೆಯಿಂದ ಸಂತೆಗೆ ಹಾಗೇ ನಡೆಯಿತು.

“ಚಹಾ ಆರಾಕತ್ತೈತ್ರಿ.”

“ಆರ್ಲಿ ಬಿಡ್ರಿ. ಅವ ಇನ್ನ ಗುಡ್ಡದಾಗ ಅದಾನ.”

ಶ್ರಾವಣದ ಮೊದಲ ಸಂತೆಯಂದು ಆರ್ಗನ್ನು ನಡುವೆಯೇ ಕತ್ತರಿಸಿಹೋಯಿತು; ಅದರ ಮೇಲೆಯೇ ಬೇರೇನೋ ಟೇಪಾಗಿತ್ತು. ಖರ್ರೆಂಬ ಸದ್ದು. ಗಾಳಿ. ದೂರದಲ್ಲೊಂದು ಕುರಿಯ ಕೂಗು. ಆಮೇಲೆ ಡೊಳ್ಳು, ಅದರ ಮೇಲೆ ಬಂಡೆ ಸೀಳುವಂಥ ಗಂಡುದನಿ.

ಲಗಮವ್ವನ ಕೈ ಮುಂದೆ ಬಂದು ಬಟನ್ ಒತ್ತಿತು.

“ಇದಲ್ರಿ.”

ಆಕೆಯ ತುಟಿ ಬಿಳಚಿತ್ತು. ಶಾಬುದ್ದೀನ ಅವಳತ್ತ ತಿರುಗಿದ.

“ಖರೇನ?”

“ಅಲ್ಲಂದ್ನೆಲ್ಲ!” ಎದ್ದು ಬಾಗಿಲಿಗೆ ಹೋದಳು. ಬೆನ್ನು ತಿರುಗಿಸಿಯೇ ಅಂದಳು, “ಅಪ್ಪ ಹೋದಮ್ಯಾಲೆ ಅಣ್ಣ ನನ್ನ ಶಿರೂರಿಗೆ, ತನ್ನ ಮನಿಗೆ ಒಯ್ತಾನಂತ. ಅಲ್ಲಿಂದ ನನ್ನ ಈ ಸಂತಿಗೆ ಯಾರ ಕಳಸ್ತಾರ್ರಿ?”

ಅವನಿಗೆ ತಿಳಿಯಿತು. ಹಾಡು ಸಿಕ್ಕರೆ ಹರಕೆ ತೀರುತ್ತದೆ, ಹರಕೆ ತೀರಿದರೆ ಮುದುಕ ಕಣ್ಣು ಮುಚ್ಚುತ್ತಾನೆ. ಆಮೇಲೆ ಈ ಬಾಗಿಲಲ್ಲಿ ಈಕೆ ಇಲ್ಲ.

“ಹಂಗಾರ ಇದಲ್ಲ ಬಿಡ್ರಿ. ಚೀಲದಾಗ ಇನ್ನೂ ಭಾಳ ಅದಾವ,” ಎಂದ.

ದೇವರು ಕ್ಷಮಿಸಲಿ, ಆ ಶ್ರಾವಣ ಅವರಿಬ್ಬರಿಗೆ ಸುಖದ ತಿಂಗಳಾಯಿತು. ಯಾವ ದೇಶದ ಯಾರು ನುಡಿಸಿದ್ದೋ, ಯಾರೂ ಕೇಳದೆ ಬಿಟ್ಟ ಆ ಸಂಗೀತ ಅವರಿಬ್ಬರದೇ ಆಯಿತು. ಆಕೆ ಉಣ್ಣೆ ನೂಲುತ್ತಾ ಗಿಟಾರಿನ ರಾಗ ಗುನುಗುವಳು. ಅವನು ತಪ್ಪು ಹಿಡಿಯುವ ನೆಪದಲ್ಲಿ ಇನ್ನೊಮ್ಮೆ ಗುನುಗಿಸುವನು. ಆದರೆ ನಮಾಜಿಗೆ ನಿಂತಾಗ, ತಾನು ಕಾಣದ ಮುದುಕನೊಬ್ಬನ ಉಸಿರು ಅವನ ಕಿವಿಯಲ್ಲಿ ಸಿಳ್ಳೆ ಹಾಕುತ್ತಿತ್ತು.

ಭಾದ್ರಪದದಲ್ಲಿ ಆಕೆ ಸಂತೆಗೆ ಬರಲಿಲ್ಲ. ಶಾಬುದ್ದೀನ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಗುಡ್ಡ ದಾಟಿದ.

ಅಮಸಿದ್ದಪ್ಪ ಹಗ್ಗದ ಹೊರಸಿನ ಮೇಲೆ ಕಂಬಳಿಯ ಮಡಿಕೆಯಷ್ಟೇ ಉಳಿದಿದ್ದ. ಗಂಟಲ ತೂತಿನ ಮೇಲಿನ ಅರಿವೆ ತೊಯ್ದು ವಾಸನೆ ಹಿಡಿದಿತ್ತು. ಒಂದೊಂದು ಉಸಿರಿಗೂ ತೂತಿನಿಂದ ಸಿಳ್ಳೆ ಎದ್ದು ಇಡೀ ಮೈ ಹೆಣಗುತ್ತಿತ್ತು. ಬಂದವನು ಅಂಗಡಿಯ ಸಾಬ ಎಂದು ಮಗಳು ಹೇಳಿದಾಗ ಮುದುಕ ಎರಡೂ ಕೈ ಎತ್ತಿ ಜೋಡಿಸಿದ. ಶಾಬುದ್ದೀನ ನಿಲ್ಲಲಾರದೆ ಹೊರಗೆ ಬಂದ. ಲಗಮವ್ವ ಹಿಂದೆಯೇ ಬಂದಳು.

“ನನಗ ಕೈ ಮುಗದ್ರಲ್ಲ ಅವರು.”

“ದಿನಾ ನಿಮ್ಮ ಅಂಗಡಿ ದಿಕ್ಕಿಗೆ ಮುಗೀತಾನ. ನೀವು ಹುಡುಕಾಕತ್ತೀರಿ ಅಂತ ನಾನ ಹೇಳೇನಿ.”

“ಆ ಹಾಡಿನ ಕ್ಯಾಸೆಟ್ ತಂದೇನಿ, ಲಗಮವ್ವ.”

ಆಕೆ ಗೋಡೆಗೆ ಒರಗಿದಳು. “ನಾ ಹೋದ್ರ ನಿಮಗ ನಡೀತೈತೇನ್ರಿ?”

“ನಡಿಯೂದಿಲ್ಲ. ಅದಕ್ಕ ಇಷ್ಟ ದಿನ ಮುಚ್ಚಿಟ್ಟೆ. ನೀ ಬೇಕಂತ ಇನ್ನೊಂದು ಜೀವಾ ಹಿಂಡಿದ್ರ ಅಲ್ಲಾಹು ಮೆಚ್ಚಂಗಿಲ್ಲ, ನಿಮ್ಮ ಬೀರಪ್ಪನೂ ಮೆಚ್ಚಂಗಿಲ್ಲ.”

“‘ನೀ’ ಅಂದ್ರಿ?”

“ಅಂದೆ.”

“ಇನ್ನೊಮ್ಮಿ ಅನ್ರಿ.”

ಅವನು ಹೆಗಲ ಟೇಪ್ ರೆಕಾರ್ಡರ್ ಇಳಿಸಿ ಕ್ಯಾಸೆಟ್ಟು ಹಾಕಿದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಹೊರಸನ್ನು ಬೀರಪ್ಪನ ಗುಡಿಗೆ ಹೊರಲು ಮಂದಿಯನ್ನು ಕರೆಯಲು ಹೋದಳು.

ಗುಡಿಯ ಕಟ್ಟೆಯ ಮೇಲೆ ಮಧ್ಯಾಹ್ನದ ಬಿಸಿಲಿತ್ತು. ಹೊರಸಿನ ಬದಿಗೆ ಟೇಪು ಇಟ್ಟರು. ಮೊದಲು ಆರ್ಗನ್ನೇ ಬಂತು.

“ಮುಂದ ಓಡಸ್ಲ್ಯಾ?” ಎಂದ ಶಾಬುದ್ದೀನ.

ಮುದುಕ ಬೇಡವೆಂದು ಬೆರಳಾಡಿಸಿದ. ಹುಬ್ಬು ಗಂಟಿಕ್ಕಿ, ಪರದೇಶದ ಆ ಏಳು ಪೆಟ್ಟನ್ನೂ ಕೇಳಿದ. ಆಮೇಲೆ ಅವನದೇ ದನಿ ಬಂತು. ಹಾಡಿನೊಳಗೆ, ಹೊತ್ತು ಮುಳುಗುವಾಗ ಬೀರಪ್ಪ ಹಿಂಡನ್ನು ಗುಡ್ಡದಿಂದ ಇಳಿಸುತ್ತಾನೆ. ಒಂದೊಂದೇ ಕುರಿ ಹಟ್ಟಿ ಸೇರುತ್ತದೆ. ಕುಂಟ ಮರಿಯೊಂದು ಮುಳ್ಳಿನಲ್ಲಿ ಸಿಕ್ಕು ಕೂಗುತ್ತದೆ. ಬೀರಪ್ಪ ತಿರುಗಿ ಗುಡ್ಡ ಹತ್ತುತ್ತಾನೆ.

ಟಕ್ಕೆಂದು ಟೇಪು ನಿಂತಿತು. ಶಾಬುದ್ದೀನ ಮಗ್ಗುಲು ಬದಲಿಸಿದ. ಬರೀ ಸರಸರ ಸದ್ದು.

“ಇಷ್ಟ ಐತಿ,” ಎಂದ. “ಆ ಕಡಿ ಖಾಲಿ.”

ತಾಳ ಹಾಕುತ್ತಿದ್ದ ಮುದುಕನ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ಕಣ್ಣು ಮಗಳ ಕಡೆ ತಿರುಗಿತು.

ಆ ಗುಡಿಯ ಮುಂದೆ ಹೆಣ್ಣುಮಕ್ಕಳು ಆ ಹಾಡು ಎತ್ತಿದ್ದಿಲ್ಲ. ಲಗಮವ್ವ ಹೊರಸು ಹೊತ್ತು ಬಂದ ಗಂಡಸರನ್ನು ನೋಡಿದಳು. ಯಾರೂ ಬೇಡ ಅನ್ನಲಿಲ್ಲ, ಹ್ಞೂಂ ಅನ್ನಲೂ ಇಲ್ಲ. ಆಗ ಶಾಬುದ್ದೀನ ಹೊರಸಿನ ಕಟ್ಟಿಗೆಯ ಮೇಲೆ ಅಂಗೈಯಿಂದ ಮೆಲ್ಲಗೆ ಡೊಳ್ಳಿನ ಪೆಟ್ಟು ಹಾಕಿದ.

ಆಕೆ ಹಾಡಿದಳು. ಮರಿಯ ಕಾಲಿನ ಮುಳ್ಳು ಬಿಡಿಸಿದಳು. ಹೆಗಲಿಗೆ ಏರಿಸಿದಳು. ಇಳಿಜಾರು ಇಳಿದಳು. ಒಂದೊಂದು ಸಾಲು ಮುಗಿದಂತೆ ಶಿರೂರು ಹತ್ತಿರವಾಗುತ್ತಿದೆಯೆಂದು ಶಾಬುದ್ದೀನನಿಗೆ ಗೊತ್ತಿತ್ತು. ಅವನ ಕೈ ಒಂದು ಪೆಟ್ಟನ್ನೂ ತಡಮಾಡಲಿಲ್ಲ.

ಮರಿ ಹಟ್ಟಿ ಸೇರಿತು. ಮುದುಕನ ಕೈ ನಿಧಾನವಾಗಿ ಇಳಿದು ಕಂಬಳಿಯ ಮೇಲೆ ಒರಗಿತು. ಗಂಟಲ ಸಿಳ್ಳೆ ನಿಂತಿತು.

ಲಗಮವ್ವ ಆ ಕೈಯನ್ನು ಸರಿಯಾಗಿ ಎದೆಯ ಮೇಲಿಟ್ಟಳು. ಗುಡಿಯ ಕತ್ತಲಲ್ಲಿದ್ದ ಬೀರಪ್ಪನ ಕಡೆ ತಿರುಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಅಂದಳು:

“ನಿಂದು ನಿನಗ ಮುಟ್ಟಿತಪಾ.”